ಮುಂಬಯಿಗೆ ಹೋದವರ ಊಟದ ಚಿಂತೆ

ನಮ್ಮ ನಾಡಿನಿಂದ ಮುಂಬಯಿಗೆ ಹೋಗುವವರಲ್ಲಿ ಎರಡು ಬಗೆಯವರುಂಟು. ಮದುವೆ, ವ್ಯಾಪಾರ, ಮಕ್ಕಳ ಭೇಟಿ ಮೊದಲಾದ ಕಾರಣಗಳಿಂದ ಎರಡು ಮೂರು ದಿನಗಳ ಮಟ್ಟಿಗೆ ಹೋಗಿ ಬರುವವರು ಒಂದು ಬಗೆ. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಂಗುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಅಲ್ಲಿನ ಹೊಟೇಲಿನ ಬಿಲ್ಲು ಊರಿಗೆ ಬಂದು ಹೇಳಿಕೊಳ್ಳುವ ಅಚ್ಚರಿಯ ಸಂಗತಿ. ಎರಡನೆಯವರಿಗೋ ಅದು ಔಷಧದ ಹಣದೊಡನೆ ಪೈಪೋಟಿಗೆ ನಿಲ್ಲುವ ಖರ್ಚು. ರೋಗಿಗೆ ಹಾಲು ಹಣ್ಣು ತಪ್ಪದೆ ತಂದುಕೊಟ್ಟು, ತಾವು ಮಾತ್ರ ಚಹಾ ಮತ್ತು ವಡಾಪಾವ್‌ನಲ್ಲಿ ದಿನ ನೂಕುವ ತಾಯಂದಿರನ್ನೂ ಮಕ್ಕಳನ್ನೂ ನಾವು ಆಸ್ಪತ್ರೆಯ ಸುತ್ತಮುತ್ತ ಕಂಡಿದ್ದೇವೆ. ಆರೈಕೆ ಮಾಡುವವರೇ ಹದಿನೈದು ದಿನಗಳಲ್ಲಿ ಹಾಸಿಗೆ ಹಿಡಿದರೆ ರೋಗಿಯ ಗತಿಯೇನು? ಆದುದರಿಂದ ಈ ಲೇಖನವನ್ನು ಮುಖ್ಯವಾಗಿ ಎರಡನೆಯ ಬಗೆಯ ಬಂಧುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇವೆ.

ಮುಂಬಯಿಯಲ್ಲಿ ದುಬಾರಿಯಾದುದು ಅನ್ನವಲ್ಲ, ಅನ್ನ ಉಣ್ಣಲು ಕುಳಿತುಕೊಳ್ಳುವ ಜಾಗ. ನಾವು ತೆರುವ ಹಣದಲ್ಲಿ ಬೇಳೆ ಅಕ್ಕಿಗಳ ಪಾಲಿಗಿಂತ ಕಟ್ಟಡದ ಬಾಡಿಗೆ, ವಿದ್ಯುತ್ತು, ಬಡಿಸುವವರ ಸಂಬಳ ಇವುಗಳ ಪಾಲೇ ಹಿರಿದು. ಒಂದೇ ಹೊಟೇಲಿನಲ್ಲಿ ಕೆಳಗಿನ ಸಾಮಾನ್ಯ ಕೋಣೆಗೆ ಒಂದು ದರ, ಮೇಲಿನ ಹವಾನಿಯಂತ್ರಿತ ಕೋಣೆಗೆ ಇನ್ನೊಂದು ದರ ಇರುವುದನ್ನು ನೋಡಿದರೆ ಇದು ತಿಳಿಯುತ್ತದೆ. ಅಡುಗೆಮನೆ ಒಂದೇ, ಸಾಂಬಾರದ ಹಂಡೆಯೂ ಒಂದೇ! ಈ ಗುಟ್ಟನ್ನು ಅರಿತವರು ಅಪರಿಚಿತರೊಡನೆ ಒಂದೇ ಮೇಜಿನಲ್ಲಿ ಕುಳಿತು ಉಣ್ಣುವ ಕಡೆಗೂ, ಕಟ್ಟಿಸಿಕೊಂಡು ಹೋಗುವ ಅಂಗಡಿಗಳ ಕಡೆಗೂ ನಡೆಯಬೇಕು. ಮಠದ ಪಂಕ್ತಿಯಲ್ಲಿ ಉಂಡು ಬೆಳೆದ ನಮಗಂತೂ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬ ಚಿಂತೆ ಎಂದೂ ಬಾಧಿಸಿದ್ದಿಲ್ಲ.

ವಡಾಪಾವ್ ವಿಷಯ ಬಂದುದರಿಂದ ಒಂದು ಮಾತು. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ ವೈದ್ಯರೆಂಬವರು ಇದನ್ನು ಮಾರತೊಡಗಿದರೆಂಬುದು ಪ್ರಸಿದ್ಧಿ. ಗಿರಣಿಗೆ ಓಡುವ ಕಾರ್ಮಿಕನಿಗೆ ನಡೆಯುತ್ತಲೇ ತಿನ್ನಲು ಅನುಕೂಲವಾಯಿತು. ಊರಿಗೆ ಊರೇ ಅದನ್ನು ಒಪ್ಪಿಕೊಂಡಿತು. ರುಚಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೈದಾಹಿಟ್ಟಿನ ಪಾವಿನೊಳಗೆ ಎಣ್ಣೆಯಲ್ಲಿ ಕರಿದ ಬಟಾಟೆ, ಅಷ್ಟೆ. ಬೇಳೆಯಿಲ್ಲ, ಸೊಪ್ಪಿಲ್ಲ, ಮೊಸರಿಲ್ಲ. ಒಂದು ಹೊತ್ತಿನ ಹಸಿವನ್ನು ಅದು ಮುಂದೂಡೀತು, ಊಟದ ಸ್ಥಾನವನ್ನು ತುಂಬಲಾರದು. ಅಷ್ಟೇ ಅವಸರದಲ್ಲಿ, ಅಲ್ಪ ಹೆಚ್ಚಿನ ಹಣದಲ್ಲಿ, ಮೊಳಕೆ ಕಾಳಿನ ಉಸಳಿಯೋ ಮಿಸಳವೋ ದೊರೆಯುತ್ತದೆ, ಅದರಲ್ಲಿ ಹುರುಳಿದೆ.

ದೀರ್ಘಕಾಲ ತಂಗುವವರಿಗೆ ನಾವು ಮೊದಲು ತೋರಿಸುವ ದಾರಿಯೆಂದರೆ ಪೋಳಿ-ಭಾಜಿ ಕೇಂದ್ರ. ದಾದರ್, ಪರೇಲ್, ಗಿರಗಾವ್ ಮೊದಲಾದ ಮರಾಠಿ ವಸತಿಗಳಲ್ಲಿ ಇಂತಹ ಚಿಕ್ಕ ಅಂಗಡಿಗಳುಂಟು. ಕುಳಿತು ಉಣ್ಣಲು ಜಾಗವಿರದಿರುವುದೇ ಅವುಗಳ ಅಗ್ಗದ ಮೂಲ. (ಮರಾಠಿಯಲ್ಲಿ ಪೋಳಿ ಎಂದರೆ ಚಪಾತಿ. ನಮ್ಮ ಹೋಳಿಗೆ ಬೇಕಾದರೆ ಪುರಣಪೋಳಿ ಎಂದು ಬಿಡಿಸಿ ಕೇಳಬೇಕು. ಇಲ್ಲವಾದರೆ ಬಾಯಲ್ಲಿ ನೀರೂರಿಸಿಕೊಂಡು ನಿಂತವರ ಕೈಗೆ ಚಪಾತಿ ಬರುತ್ತದೆ.) ಪೋಳಿಯನ್ನು ಎಣಿಸಿ ಕೊಡುತ್ತಾರೆ, ಪಲ್ಯವನ್ನು ಅಳತೆಯ ಮೇಲೆ ಕಟ್ಟಿಕೊಡುತ್ತಾರೆ. ಮೂರು ಪೋಳಿ, ಒಂದು ಪಲ್ಯ, ಹಾಲಿನಂಗಡಿಯಿಂದ ಸ್ವಲ್ಪ ಮೊಸರು, ಎರಡು ಬಾಳೆಹಣ್ಣು, ಇಷ್ಟಾದರೆ ಒಬ್ಬರ ಊಟ ಪೂರ್ಣವಾಯಿತು. ಹೊಟೇಲಿನಲ್ಲಿ ಕುಳಿತು ಉಂಡುದರ ಅರ್ಧಕ್ಕಿಂತ ಹೆಚ್ಚು ಖರ್ಚಾಗುವುದು ಅಪರೂಪ. ಅನೇಕ ಕಡೆ ಭಾಕರಿಯೂ ಸಿಗುತ್ತದೆ. ಆದರೆ ಕೊಂಕಣದ ಪದ್ಧತಿಯಲ್ಲಿ ಅದು ಅಕ್ಕಿಹಿಟ್ಟಿನದಾಗಿರಬಹುದು. ಆದುದರಿಂದ ‘ಜ್ವಾರಿಚಿ ಭಾಕರಿ’ ಎಂದೇ ಕೇಳಬೇಕು. ಜೊತೆಗೆ ಬರುವ ಝುಣಕ ನಮ್ಮ ಜುಣಕವೇ. ಧಾರವಾಡ, ವಿಜಾಪುರದ ಕಡೆಯವರಿಗೆ ಆ ತುತ್ತಿನಲ್ಲಿ ತವರಿನ ನೆನಪು ಬಾರದಿರದು.

‘ಖಾನಾವಳಿ’ ಎಂಬ ಹೆಸರೂ ನಮ್ಮವರಿಗೆ ಹೊಸದಲ್ಲ. ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕವನ್ನು ನೋಡದವರಾರು? ಮುಂಬಯಿಯ ಖಾನಾವಳಿಗೆ ಮಾತ್ರ ಬೇರೆಯೇ ಇತಿಹಾಸವಿದೆ. ಊರಲ್ಲಿ ಸಂಸಾರ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಚಾಳಿನ ಹೆಣ್ಣುಮಕ್ಕಳು ತಮ್ಮ ಒಂದೇ ಕೋಣೆಯಲ್ಲಿ ತಿಂಗಳ ಲೆಕ್ಕದ ಮೇಲೆ ಅಡುಗೆ ಮಾಡಿ ಹಾಕುತ್ತಿದ್ದರು. ಈ ತಾಯಂದಿರು ಅಂಗಡಿಯವರಲ್ಲಿ, ಬಡ್ಡಿಯವರಲ್ಲಿ ಸಾಲದ ಸುಳಿಗೆ ಸಿಕ್ಕಿದ್ದುದನ್ನು ಕಂಡು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಖಾನಾವಳಿಗಳೂ ಕ್ಷೀಣಿಸಿದವು. ಆದರೂ ಮನೆಯಲ್ಲಿ ಅಡುಗೆ ಮಾಡಿ ಡಬ್ಬಿ ಕಟ್ಟಿಕೊಡುವ ಸಂಪ್ರದಾಯ ಅಳಿದಿಲ್ಲ. ತಿಂಗಳುಗಟ್ಟಲೆ ಇರಬೇಕಾದವರು ತಾವು ತಂಗಿದ ಓಣಿಯಲ್ಲಿ ವಿಚಾರಿಸಿದರೆ ಇಂಥ ಮನೆಯೊಂದು ಸಿಕ್ಕೀತು. ಒಂದು ಎಚ್ಚರಿಕೆ ಅಗತ್ಯ. ಖಾನಾವಳಿ ಎಂದ ಮಾತ್ರಕ್ಕೆ ಅದು ಸಸ್ಯಾಹಾರದ್ದೆಂದು ತಿಳಿಯಬಾರದು. ಮಾಲವಣಿ ಎಂಬ ಹೆಸರಿದ್ದರೆ ಅಲ್ಲಿ ಮೀನೇ ಪ್ರಧಾನ. ‘ಶುದ್ಧ ಶಾಕಾಹಾರಿ’ ಎಂಬ ಫಲಕ ನೋಡಿಯೇ ಒಳಗೆ ಹೋಗುವುದು ಲೇಸು.

ಅನ್ನ-ಸಾರು ಇಲ್ಲದೆ ಸಮಾಧಾನವಾಗದ ದಿನ ಮಾಟುಂಗಕ್ಕೆ ಹೋಗಬೇಕು. ಮಧ್ಯ ರೈಲ್ವೆಯಲ್ಲಿ ಪರೇಲ್ ಬಿಟ್ಟರೆ ದಾದರ್, ದಾದರ್ ಬಿಟ್ಟರೆ ಮಾಟುಂಗ. ನಿಧಾನಗತಿಯ ಲೋಕಲ್ ಹಿಡಿಯಬೇಕು. ವೇಗದ ಗಾಡಿ ಅಲ್ಲಿ ನಿಲ್ಲದು. ನಿಲ್ದಾಣದ ಪೂರ್ವಕ್ಕೆ, ಮಾರುಕಟ್ಟೆಯ ಕಟ್ಟಡದ ಮಹಡಿಯಲ್ಲಿ, ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಎಲೆಯ ಮೇಲಿನ ಪೂರ್ಣ ಭೋಜನ ಬೇರೆ, ತಟ್ಟೆಯ ಮಿತ ಭೋಜನ ಬೇರೆ. ಹಸಿವೆ ಸಾಧಾರಣವಾಗಿದ್ದರೆ ಎರಡನೆಯದೇ ಸಾಕು. ಹಣ ಕೊಟ್ಟಿದ್ದೇವೆಂದು ಹೊಟ್ಟೆಯನ್ನು ದಂಡಿಸುವುದು ಮಿತವ್ಯಯವಲ್ಲ! ಕಛೇರಿಯವರ ಗದ್ದಲಕ್ಕೆ ಮುಂಚೆಯೇ ಹೋದರೆ ಕಾಯುವ ತೊಂದರೆ ತಪ್ಪುತ್ತದೆ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳು ಮೊದಲಾಗಿ ಮಾಟುಂಗದಲ್ಲಿ ಕನ್ನಡದ ಉಸಿರು ಬಹುಕಾಲದಿಂದ ಇದೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಈ ಹೊಟೇಲುಗಳಲ್ಲಿ ದುಡಿದು ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಕಥೆಯನ್ನು ಮತ್ತೊಮ್ಮೆ ಬರೆಯಬೇಕೆಂದಿದ್ದೇವೆ. ಸಾರಿನಲ್ಲಿ ಬೆಲ್ಲ ಮುಂದಾಯಿತೆಂದು ನಮ್ಮ ಬಯಲುಸೀಮೆಯವರು ಗೊಣಗುವುದುಂಟು. ಅದಕ್ಕೆ ಮದ್ದು ಊರಿಂದ ತಂದ ಚಟ್ನಿಪುಡಿ.

ಹೌದು, ಊರಿಂದ ಒಯ್ಯಬೇಕಾದುದನ್ನು ಮರೆಯಬಾರದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಷ್ಟಿದ್ದರೆ ಮೊಸರೊಂದನ್ನು ಕೊಂಡು ರಾತ್ರಿಯ ಊಟ ಮುಗಿಸಬಹುದು. ಶೇಂಗಾ, ಗುರೆಳ್ಳುಗಳಲ್ಲಿ ಮೈಗೆ ಹಿಡಿಯುವ ಸತ್ತ್ವವಿದೆ. ಆದರೆ ಮುಂಬಯಿಯದು ಕಡಲ ಹವೆ. ಮಳೆಗಾಲದಲ್ಲಿ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗಿ ಬೂಸು ಹಿಡಿಯುವ ಭಯವಿದೆ. ಬಟ್ಟೆಯ ಗಂಟು ಸಾಲದು, ಬಿಗಿ ಮುಚ್ಚಳದ ಡಬ್ಬಿ ಬೇಕು. ರೋಗಿಗೆ ಮಾತ್ರ ಇದಾವುದನ್ನೂ ಸ್ವಂತ ಬುದ್ಧಿಯಿಂದ ಕೊಡಬಾರದು. ಚಿಕಿತ್ಸೆಯ ಕಾಲದಲ್ಲಿ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ. ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣು, ಬೀದಿಯ ಕಬ್ಬಿನ ಹಾಲು ಅಪಾಯಕಾರಿ. ಅವರ ಪಥ್ಯವನ್ನು ಆಸ್ಪತ್ರೆಯ ಆಹಾರತಜ್ಞರೇ ಹೇಳಬೇಕು.

ಇನ್ನು ಕೈ ತೀರ ಬರಿದಾದವರ ವಿಷಯ. ಮಹಾರಾಷ್ಟ್ರ ಸರಕಾರವು 1995ರಲ್ಲಿ ಒಂದು ರೂಪಾಯಿಗೆ ಝುಣಕ-ಭಾಕರಿ ಕೊಡುವ ಯೋಜನೆ ತಂದಿತ್ತು; ಅದು ಬಹುಕಾಲ ಬಾಳಲಿಲ್ಲ. 2020ರ ಜನವರಿ 26ರಂದು ಶಿವಭೋಜನ ಥಾಳಿ ಆರಂಭವಾಯಿತು. ಹತ್ತು ರೂಪಾಯಿಗೆ ಎರಡು ಚಪಾತಿ, ಪಲ್ಯ, ಅನ್ನ, ಬೇಳೆ ಎಂಬುದು ಅದರ ಮೂಲ ರೂಪ. ಹತ್ತಿರದಲ್ಲಿ ಕೇಂದ್ರವಿದೆಯೇ ಎಂದು ಸ್ಥಳೀಯರನ್ನು ಕೇಳಿ ತಿಳಿಯಬೇಕು. ದಾದರ್‌ನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಟಾಟಾ ಆಸ್ಪತ್ರೆಯ ರೋಗಿಗಳಿಗೂ ಅವರ ಜೊತೆಯವರಿಗೂ ಆಶ್ರಯವಾಗಿದೆ. ಗುರುದ್ವಾರಗಳ ಲಂಗರಿನಲ್ಲಿ ಜಾತಿ ಮತ ಕೇಳದೆ ಸಸ್ಯಾಹಾರವನ್ನು ಬಡಿಸುತ್ತಾರೆ. ತಲೆಗೆ ಬಟ್ಟೆ ಹೊದೆದು, ಪಾದರಕ್ಷೆ ಬಿಟ್ಟು, ಸಾಲಿನಲ್ಲಿ ಕುಳಿತರಾಯಿತು.

ಇಂತಹ ಕಡೆ ಹೋಗಲು ನಮ್ಮ ಮನೆತನಸ್ಥರು ಸಂಕೋಚಪಡುತ್ತಾರೆ. ಊರಲ್ಲಿ ನಾಲ್ಕು ಜನರಿಗೆ ಉಣಿಸಿದವರು ನಾವು, ಇಲ್ಲಿ ಕೈಯೊಡ್ಡುವುದೇ ಎಂದು ಒಬ್ಬ ಹಿರಿಯ ರೈತರು ನಮ್ಮೊಡನೆ ನೊಂದು ನುಡಿದಿದ್ದರು. ಅವರ ಪತ್ನಿಗೆ ಚಿಕಿತ್ಸೆ ನಡೆದಿತ್ತು. ಊರಿನ ದಾಸೋಹದಲ್ಲಿ ನಿಮ್ಮೆದುರು ಎಲೆ ಹಾಕಿ ಕುಳಿತವರನ್ನು ನೀವು ಎಂದಾದರೂ ಹಗುರಾಗಿ ಕಂಡಿದ್ದೀರಾ ಎಂದು ನಾವು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಲಂಗರಿಗೆ ಯಾವ ಹೊತ್ತಿಗೆ ಹೋಗಬೇಕೆಂದು ವಿಚಾರಿಸಿದರು. ಮರುದಿನ ಉಂಡಾದ ಮೇಲೆ ಅಲ್ಲಿಯೇ ಒಂದು ತಾಸು ತಟ್ಟೆ ತೊಳೆದು ಬಂದರೆಂದು ಅವರ ಮಗನಿಂದ ತಿಳಿಯಿತು.