ನೋವಿಲ್ಲ ಅಂದ್ರೆ ಸಮಸ್ಯೆ ಇಲ್ಲ ಅಂತಲ್ಲ: ಶುಗರ್ ಇರೋರ ಅಂಗಾಲಿನ ಲೆಕ್ಕ

ಇವತ್ತಿನ ಸಂಚಿಕೆ ನಿಮಗಿಂತ ಹೆಚ್ಚಾಗಿ ಮನೆಯಲ್ಲಿ ಶುಗರ್ ಇರೋ ಅಪ್ಪ, ಅಮ್ಮ, ಅಜ್ಜಿಗೆ ಬೇಕಾಗಿದ್ದು. ಅವರು ಪಾಡ್‌ಕಾಸ್ಟ್ ಕೇಳೋದು ಕಡಿಮೆ, ಅದಕ್ಕೇ ನಿಮಗೆ ಹೇಳ್ತಿದೀನಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ.

ನಾನು ಓದಿದ್ದು ಬಿ.ಕಾಂ., ವೈದ್ಯಕೀಯ ಅಲ್ಲ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಒತ್ತಡ ಅಂದ್ರೆ ಬೀಳುವ ಬಲವನ್ನು ಅದು ಬೀಳುವ ಜಾಗದಿಂದ ಭಾಗಿಸಿದ್ದು. ಸುಮ್ಮನೆ ನಿಂತಾಗ ಭಾರ ಎರಡೂ ಪಾದಕ್ಕೆ ಹಂಚಿಹೋಗುತ್ತೆ. ನಡೆಯುವಾಗ ಹಾಗಲ್ಲ. ಹಿಮ್ಮಡಿ ಎತ್ತಿ ಮುಂದಕ್ಕೆ ತಳ್ಳುವ ಕ್ಷಣದಲ್ಲಿ ದೇಹದ ತೂಕಕ್ಕಿಂತ ಸ್ವಲ್ಪ ಜಾಸ್ತಿಯೇ ಬಲ ಒಂದೇ ಪಾದದ ಮುಂಭಾಗಕ್ಕೆ, ಬೆರಳುಗಳ ಬುಡಕ್ಕೆ ಬೀಳುತ್ತೆ. ದಿನಕ್ಕೆ 5,000 ಹೆಜ್ಜೆ ಅಂದ್ರೆ ಒಂದೊಂದು ಪಾದಕ್ಕೆ 2,500 ಸಲ.

ಇದನ್ನು ತಡೆಯೋಕೆ ನಮಗೆ ಎರಡು ರಕ್ಷಣೆ ಇದೆ. ಒಂದು, ಅಂಗಾಲಿನ ಕೊಬ್ಬಿನ ಮೆತ್ತೆ. ಇನ್ನೊಂದು, ನೋವು. ಚಪ್ಪಲಿ ಕಚ್ಚಿದ್ರೆ ಗೊತ್ತಿಲ್ಲದೇ ಕಾಲು ವಾಲಿಸಿ ನಡೀತೀವಿ, ಇಲ್ಲಾಂದ್ರೆ ಕೂತ್ಕೋತೀವಿ.

ಶುಗರ್ ವರ್ಷಗಟ್ಟಲೆ ಹತೋಟಿ ತಪ್ಪಿದ್ರೆ ಈ ಎರಡೂ ಕೈಕೊಡಬಹುದು. ನರಗಳು ಹಾಳಾಗಿ ಸ್ಪರ್ಶ ಕಡಿಮೆಯಾಗುತ್ತೆ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಮಡಚಿಕೊಳ್ತವೆ, ಮೆತ್ತೆ ಮುಂದಕ್ಕೆ ಸರಿದು ಮೂಳೆಯ ಕೆಳಗೆ ಬರೀ ಚರ್ಮ ಉಳಿಯುತ್ತೆ. ಕೀಲುಗಳು ಬಿಗಿಯಾಗ್ತವೆ. ಒತ್ತಡ ಬಿದ್ದ ಕಡೆ ಚರ್ಮ ದಡ್ಡುಗಟ್ಟುತ್ತೆ, ಆ ದಡ್ಡೇ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಇನ್ನಷ್ಟು ಒತ್ತುತ್ತೆ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ! ಕೊನೆಗೆ ದಡ್ಡಿನ ಕೆಳಗೇ ಹುಣ್ಣು. ಸೋಂಕು ತಗುಲಿ, ರಕ್ತ ಸಂಚಾರವೂ ಕಡಿಮೆ ಇದ್ರೆ, ಬೆರಳು ಅಥವಾ ಕಾಲು ತೆಗೆಯೋ ಪರಿಸ್ಥಿತಿ ಬರಬಹುದು.

ಇದನ್ನು ಅರ್ಥ ಮಾಡಿಸಿದವರಲ್ಲಿ ದೊಡ್ಡ ಹೆಸರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದವರು, ವೆಲ್ಲೂರಿನ ಸಿಎಂಸಿಯಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡ್ತಿದ್ದವರು. ಅವರು ತೋರಿಸಿದ್ದೇನಂದ್ರೆ, ರೋಗ ತಾನಾಗಿ ಪಾದವನ್ನು ತಿನ್ನೋದಿಲ್ಲ. ಸ್ಪರ್ಶ ಹೋದ ಪಾದಕ್ಕೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುವ ಸಾಧಾರಣ ಒತ್ತಡವೇ ಸಾಕು. ಮುಂದೆ ಅಮೆರಿಕದಲ್ಲಿ ಈ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಇವತ್ತು ಶುಗರ್ ಇರೋರಿಗೆ ಕೊಡೋ ಎಂಸಿಆರ್ ಚಪ್ಪಲಿಯ ಮೆತ್ತನೆ ರಬ್ಬರಿಗೂ ವೆಲ್ಲೂರಿನ ನಂಟಿದೆ.

ಈಗ ನೀವೇ ಮಾಡಬಹುದಾದ ಒಂದು ಪರೀಕ್ಷೆ. ಅಮ್ಮನಿಗೆ ಕಣ್ಣು ಮುಚ್ಚೋಕೆ ಹೇಳಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ಬೆರಳಿಂದ ಹಗುರವಾಗಿ ಒಂದೆರಡು ಸೆಕೆಂಡ್ ಮುಟ್ಟಿ. ಒತ್ತಬೇಡಿ, ಕಚಗುಳಿ ಇಡಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗಲಿಲ್ಲ ಅಂದ್ರೆ ಸ್ಪರ್ಶ ಕಡಿಮೆಯಾಗಿರೋ ಸಾಧ್ಯತೆ ಇದೆ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಎಲ್ಲಾ ಗೊತ್ತಾದ್ರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಬೇಕೇ ಬೇಕು. ದೊಡ್ಡ ಕೇಂದ್ರಗಳಲ್ಲಿ ಸೆನ್ಸರ್ ಇರೋ ಹಲಗೆ ಮೇಲೆ ನಡೆಸಿ, ಯಾವ ಜಾಗಕ್ಕೆ ಎಷ್ಟು ಒತ್ತಡ ಅಂತ ಬಣ್ಣದ ನಕ್ಷೆಯಲ್ಲಿ ತೋರಿಸ್ತಾರೆ.

ಸ್ಪರ್ಶ ಕಡಿಮೆ ಇರೋರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಬಿಸಿಲಲ್ಲಿ ಕಾದ ದೇವಸ್ಥಾನದ ಕಲ್ಲುಹಾಸು ಸುಟ್ಟರೂ ಅವರಿಗೆ ಗೊತ್ತಾಗಲ್ಲ. ಚಪ್ಪಲಿ, ಶೂ ಹಾಕೋ ಮುಂಚೆ ಒಳಗೆ ಕೈಯಾಡಿಸಿ ನೋಡಬೇಕು. ದಡ್ಡನ್ನು ಬ್ಲೇಡಿಂದ ಕೆತ್ತೋದು, ಆಣಿ ಪಟ್ಟಿ ಅಂಟಿಸೋದು ಬೇಡ. ಅಂಗಾಲು ಕಾಣದಿದ್ರೆ ನಿಮ್ಮ ಮೊಬೈಲಲ್ಲಿ ದಿನಾ ಒಂದು ಫೋಟೊ ತೆಗೆದು ತೋರಿಸಿ.

ಹುಣ್ಣು ಅಥವಾ ಗುಳ್ಳೆ ಕಂಡ್ರೆ, ಪಾದ ಒಂದು ಕಡೆ ಕೆಂಪಗೆ ಬಿಸಿಯಾಗಿದ್ರೆ, ಅವತ್ತೇ ಡಾಕ್ಟರಿಗೆ ತೋರಿಸಿ. ಅಂಗಾಲಿನ ಹುಣ್ಣಿಗೆ ಬರೀ ಮುಲಾಮು ಸಾಲದು, ಅದರ ಮೇಲಿನ ಭಾರ ಇಳಿಸಬೇಕು. ಅದಕ್ಕೇ ಕೆಲವರಿಗೆ ಮೊಣಕಾಲವರೆಗೆ ಬಿಚ್ಚಲಾಗದ ಪಟ್ಟು ಹಾಕ್ತಾರೆ. ಬಿಚ್ಚೋ ಹಾಗಿದ್ರೆ ಮನೆಗೆ ಹೋಗಿ ಬಿಚ್ಚಿಡ್ತೀವಲ್ಲ! ವಾಸಿಯಾದ ಮೇಲೂ ಸುಮಾರು 40% ಜನರಿಗೆ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತೆ, ಹಾಗಾಗಿ ಕಾಳಜಿ ನಿಲ್ಲಿಸೋ ಹಾಗಿಲ್ಲ.

"ನಂಗೇನೂ ನೋವಿಲ್ಲ ಬಿಡೋ" ಅಂತ ಅಪ್ಪ ಅಂದ್ರೆ ಅಲ್ಲಿಗೇ ಬಿಡಬೇಡಿ, ಒಂದು ಸಲ ಅವರ ಪಾದ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.