ಎಳ್ಳೂ ಇರಲಿ, ಹಲ್ಲೂ ಉಳಿಯಲಿ

ಸಂಕ್ರಾಂತಿ ಬಂತೆಂದರೆ ಕುರ್ಲಾದ ನಮ್ಮ ಸೊಸೈಟಿಯ ಮಕ್ಕಳ ಜೇಬು ತುಂಬುತ್ತದೆ. ಮರಾಠಿ ಮನೆಗಳಲ್ಲಿ ‘ತಿಳಗುಳ ಘ್ಯಾ, ಗೋಡ ಗೋಡ ಬೋಲಾ’ ಎಂದು ಎಳ್ಳುಂಡೆ ಕೊಡುತ್ತಾರೆ. ಕನ್ನಡದ ಮನೆಗಳಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಪುಟ್ಟ ಮಕ್ಕಳಿಗೆ ಅವರು ‘ಬೋರನ್ಹಾಣ’ ಮಾಡಿದರೆ ನಾವು ಎಲಚಿ ಹಣ್ಣು ಎರೆಯುತ್ತೇವೆ. ಎಲಚಿ, ಕಬ್ಬಿನ ಚೂರಿನ ಜೊತೆಗೆ ಈಗ ಚಾಕೊಲೇಟೂ ತಲೆಯ ಮೇಲಿಂದ ಸುರಿಯುತ್ತದೆ. ಇಲ್ಲಿ ರಥಸಪ್ತಮಿವರೆಗೂ ಅರಿಸಿನ-ಕುಂಕುಮ ನಡೆಯುವುದರಿಂದ ಸಿಹಿಯ ಡಬ್ಬಿ ಖಾಲಿಯಾಗುವುದೇ ಇಲ್ಲ.

ಹಬ್ಬದ ದಿನ ಮಕ್ಕಳಿಗೆ ಸಿಹಿ ಬೇಡವೆನ್ನುವುದು ಅನ್ಯಾಯ. ಹಾಗೆ ಅನ್ನಬೇಕಾಗಿಯೂ ಇಲ್ಲ. ಹಲ್ಲಿನ ಮಟ್ಟಿಗೆ, ಎಷ್ಟು ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದೇ ಹೆಚ್ಚು ಮುಖ್ಯ.

ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಖನಿಜ ಕಳೆದುಕೊಳ್ಳತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಐದು ಎಳ್ಳುಂಡೆಯನ್ನು ಊಟದ ಜೊತೆ ಒಟ್ಟಿಗೆ ತಿಂದರೆ ಆಮ್ಲದ ದಾಳಿ ಒಂದೇ ಸಲ. ಅದೇ ಐದನ್ನು ದಿನವಿಡೀ ಒಂದೊಂದಾಗಿ ತಿಂದರೆ ಐದು ಸಲ. ಲೆಕ್ಕ ಇಷ್ಟೇ. ಅಪ್ಪ-ಅಮ್ಮ ಇಬ್ಬರೂ ಲೋಕಲ್ ಟ್ರೈನಿನಲ್ಲಿ ಸಿಕ್ಕಿಕೊಂಡಿರುವ ಹೊತ್ತಿಗೆ, ಕೈಗೆಟುಕುವ ಡಬ್ಬಿಯಿಂದ ಆಗುವುದು ಈ ಎರಡನೆಯದೇ.

ಬೆಲ್ಲ ಒಳ್ಳೆಯದಲ್ಲವೇ ಎಂದು ಕೇಳಬಹುದು. ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ಅಂಟುವ ಚಿಕ್ಕಿ ಹಲ್ಲಿನ ಸಂದಿಯಲ್ಲಿ ಉಳಿದರೆ ಇನ್ನೂ ಕಷ್ಟ. ಊಟದ ನಡುವೆ ತಿನ್ನುವ ಅಂಟುಮಿಠಾಯಿಯೇ ಹೆಚ್ಚು ಹುಳುಕು ತರುತ್ತದೆಂದು 1954ರಲ್ಲಿ ಪ್ರಕಟವಾದ ಸ್ವೀಡನ್ನಿನ ವಿಪೆಹೋಲ್ಮ್ ಅಧ್ಯಯನ ತೋರಿಸಿತ್ತು.

‘ಹೇಗೂ ಬೀಳುವ ಹಾಲುಹಲ್ಲು’ ಎಂಬ ಮಾತೂ ಕೇಳಿಬರುತ್ತದೆ. ಆದರೆ ಹಾಲಿನ ದವಡೆ ಹಲ್ಲುಗಳು 10-12 ವರ್ಷದವರೆಗೆ ಇರಬೇಕಾದವು. ಅಲ್ಲದೆ ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ, ಅವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ಬಿಟ್ಟರೆ ಜೀವನಪೂರ್ತಿಯ ನಷ್ಟ.

ನಮ್ಮ ಮನೆಯ ಹಬ್ಬದ ನಿಯಮಗಳು ಸರಳ. ಸಿಹಿ ಊಟದ ಜೊತೆಗೇ. ಡಬ್ಬಿ ಮೇಲಿನ ಕಪಾಟಿನಲ್ಲಿ. ತಿಂದ ಮೇಲೆ ನೀರು ಕುಡಿಯುವುದು, ಬಾಯಿ ಮುಕ್ಕಳಿಸುವುದು. ರಾತ್ರಿ ಬ್ರಷ್ ಮಾಡಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು. ಪೇಸ್ಟನ್ನು ಉಗಿದರೆ ಸಾಕು, ಆಮೇಲೆ ನೀರು ಹಾಕಿ ಮುಕ್ಕಳಿಸುವುದು ಬೇಡ. ಏಳೆಂಟು ವರ್ಷದವರೆಗೆ ಬ್ರಷ್ ಮಾಡುವಾಗ ದೊಡ್ಡವರ ಕೈ ಜೊತೆಗಿರಲಿ.

ವಾರಕ್ಕೊಮ್ಮೆ ಟಾರ್ಚ್ ಹಿಡಿದು ಮಗುವಿನ ಬಾಯಿ ನೋಡಿ. ಒಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಂಡರೆ ಅದು ಹುಳುಕಿನ ಆರಂಭವಿರಬಹುದು. ಆ ಹಂತದಲ್ಲಿ ತೋರಿಸಿದರೆ ಡ್ರಿಲ್ಲಿಂಗ್ ಇಲ್ಲದೆಯೇ ತಡೆಯಲು ಸಾಧ್ಯವಿದೆ. ಖಾಸಗಿ ಕ್ಲಿನಿಕ್ಕಿನ ಖರ್ಚು ಕಷ್ಟವಾದವರಿಗೆ ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಆಸ್ಪತ್ರೆ ಇದೆ.

ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತನಾಡಲಿ ಎಂದೇ ಅಲ್ಲವೇ ಮಕ್ಕಳಿಗೆ ಹಂಚುವುದು? ಹಲ್ಲುನೋವಿನ ಮಗು ಒಳ್ಳೆಯ ಮಾತಾಡುವುದು ಕಷ್ಟ.