ಎರಡು ದಿಬ್ಬಗಳ ನಡುವಿನ ಮಿಲ್ಲು ಪಟ್ಟಿ

ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆ ಎನ್ನುತ್ತದೆ ಸ್ಥಳಪುರಾಣ. ಅತ್ತ ಮಲ್ಲೇಶ್ವರದವರನ್ನು ಕೇಳಿದರೆ ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥವನ್ನು ತೋರಿಸುತ್ತಾರೆ. ಯಾರ ಮಾತು ಸರಿಯೋ ಏನೋ, ನೆಲದ ಇಳಿಜಾರಂತೂ ಎರಡೂ ಕಡೆಯಿಂದ ಪಡುವಣಕ್ಕೇ ಇದೆ. ಈ ಎರಡು ದಿಬ್ಬಗಳ ಮೇಲೆ ಬಿದ್ದ ಮಳೆ, ಮನೆಗಳ ಬಚ್ಚಲ ನೀರನ್ನೂ ಸೇರಿಸಿಕೊಂಡು ತಗ್ಗಿಗಿಳಿದು, ಮೈಸೂರು ರಸ್ತೆಯ ಪಕ್ಕ ಕಪ್ಪಗೆ ಹರಿಯುತ್ತದೆ.

ದಿಬ್ಬದ ಮೇಲಿನ ಬೆಂಗಳೂರಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಬೆಣ್ಣೆ ದೋಸೆ, ಗಾಂಧಿ ಬಜಾರಿನ ಮಲ್ಲಿಗೆ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆದುಬಂದ ರಾಮನವಮಿ ಸಂಗೀತ ಯಾವುದೂ ಬಿಟ್ಟುಹೋಗಿಲ್ಲ. ಈ ಲೇಖನ ತಗ್ಗಿನದು. ಚಾಮರಾಜಪೇಟೆಯ ಪಡುವಣ ಅಂಚಿನಲ್ಲಿ ಶುರುವಾಗಿ ಕಾಟನ್‌ಪೇಟೆ, ಬಿನ್ನಿಪೇಟೆ, ಮಾಗಡಿ ರಸ್ತೆ, ಗೋಪಾಲಪುರ, ಓಕಳಿಪುರ, ಶ್ರೀರಾಂಪುರಗಳನ್ನು ಹಾದು ಮಲ್ಲೇಶ್ವರದ ಸಂಪಿಗೆ ರಸ್ತೆಯ ಬುಡಕ್ಕೆ ಬಂದು ನಿಲ್ಲುವ ಪಟ್ಟಿ ಇದು. ನಕ್ಷೆಯಲ್ಲಿ ಇದಕ್ಕೆ ಒಂದೇ ಹೆಸರಿಲ್ಲ. ನಡುವೆ ರೈಲು ಹಳಿ, ಎಡಬಲಕ್ಕೆ ಒಂದು ಕಾಲಕ್ಕೆ ಮಿಲ್ಲುಗಳು, ಮಿಲ್ಲಿನ ಸುತ್ತ ವಠಾರಗಳು. ಇಲ್ಲಿಯ ಹಳಬರಲ್ಲಿ ಹೆಚ್ಚಿನವರ ಅಜ್ಜ ಅಜ್ಜಿಯರು ಬೇರೆ ಊರಿನಿಂದ, ಬೇರೆ ಭಾಷೆಯೊಂದಿಗೆ, ಕೆಲಸ ಹುಡುಕಿಕೊಂಡು ಬಂದವರು.

ಬೆಂಗಳೂರಿನಲ್ಲಿ ಹೊರಗಿನವರು ಯಾರು ಎಂಬ ಲೆಕ್ಕ ಹಾಕಹೊರಟರೆ ಅದು ಬೇಗ ಮುಗಿಯುವುದಿಲ್ಲ. ಕಾಡು ಮಲ್ಲೇಶ್ವರ ದೇವಾಲಯಕ್ಕೆ 1669ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟವನು ಶಿವಾಜಿಯ ಮಲತಮ್ಮ ಏಕೋಜಿ. ಲಾಲ್‌ಬಾಗ್ ಎದ್ದ ಹೈದರನ ಕಾಲಕ್ಕಾಗಲೇ ಇಲ್ಲಿ ತೋಟಗಾರಿಕೆಯಲ್ಲಿ ಪಳಗಿದ್ದ ತಿಗಳರ ಕರಗ ಇವತ್ತು ಊರ ಹಬ್ಬ. ಅದು ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುವುದು. ಬಂದವರು ಹಳಬರಾಗುವುದಕ್ಕೆ ಈ ಊರಲ್ಲಿ ಬಹಳ ಕಾಲ ಬೇಕಿಲ್ಲ. ಯಾವ ಬಾಗಿಲಿನಿಂದ ಬಂದರು ಎಂಬುದರ ಮೇಲೆ ಮಾತ್ರ ಎಲ್ಲ ನಿಂತಿದೆ.

ಆ ಬಾಗಿಲುಗಳಲ್ಲಿ ಮೊದಲನೆಯದು ಹಿತ್ತಿಲ ಬಾಗಿಲು. ಚಾಮರಾಜಪೇಟೆ 1892ರಲ್ಲಿ, ಹತ್ತನೇ ಚಾಮರಾಜ ಒಡೆಯರ ಹೆಸರಿನಲ್ಲಿ, ಪೇಟೆಯ ಆಚೆಗೆ ಗೆರೆ ಎಳೆದು ಕಟ್ಟಿದ ಬಡಾವಣೆ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ದಿಕ್ಕಾಪಾಲಾದರು. ಆ ಹೊಡೆತದಲ್ಲೇ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಉದ್ಯಾನ ಎಲ್ಲಕ್ಕೂ ಜಾಗ ಬಿಟ್ಟರು. ನಿವೇಶನಗಳನ್ನು ಜಾತಿವಾರು ಹಂಚಿದ್ದೂ ಉಂಟು. ಅದರ ಜೊತೆಗೆ, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರುಗಲ್ಲಿ. ಅದೇ ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಇನ್ನೂ ಬಾರದ ಕಾಲದಲ್ಲಿ ಪಾಯಿಖಾನೆ ಬಳಿಯುವವರು ಮುಂಬಾಗಿಲ ರಸ್ತೆಗೆ ಕಾಣಿಸಿಕೊಳ್ಳದೆ ಬಂದು ಹೋಗಲೆಂದೇ ಮಾಡಿದ ದಾರಿ ಅದು. ಮಲ್ಲೇಶ್ವರದ ಹಳೆಯ ಮನೆಗಳ ಹಿಂಗೋಡೆಯ ಬುಡದಲ್ಲಿ ಈಗಲೂ ಅಲ್ಲಲ್ಲಿ ಮುಚ್ಚಿದ ಚಿಕ್ಕ ಕಿಂಡಿಗಳು ಕಣ್ಣಿಗೆ ಬೀಳುತ್ತವೆ. ಸಿಮೆಂಟಿನ ಬಣ್ಣವೇ ಬೇರೆ ಇರುವುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ. ಡಬ್ಬಿ ಎಳೆಯುತ್ತಿದ್ದದ್ದು ಆ ಕಿಂಡಿಯಿಂದ. ಈಚೆಗೆ ಇಂಥ ಕೆಲವು ಗಲ್ಲಿಗಳ ಗೋಡೆಗೆ ಚಂದದ ಚಿತ್ರ ಬರೆಸಿ, ಜನ ಫೋಟೊ ತೆಗೆದುಕೊಳ್ಳುವಂತೆ ಮಾಡಿದ್ದಾರೆ. ಒಳ್ಳೆಯ ಕೆಲಸವೇ. ಚಿತ್ರದ ಪಕ್ಕ, ಗಲ್ಲಿ ಯಾಕೆ ಹುಟ್ಟಿತೆಂದು ಎರಡು ಸಾಲು ಬರೆದಿದ್ದರೆ ಗೋಡೆಗೇನೂ ಭಾರವಾಗುತ್ತಿರಲಿಲ್ಲ.

ಪಾಯಿಖಾನೆ ಬಳಿಯುವ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ತೆಲುಗು ಮಾತನಾಡುವ ದಲಿತರು, ಆಂಧ್ರದ ಗಡಿಯ ಬರಗಾಲದ ಸೀಮೆಯವರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು 1970ರ ದಶಕದಲ್ಲಿ, ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು. ಕೆಲಸ ಬದಲಾಯಿತು, ಕೆಲಸ ಮಾಡುವ ಮನೆತನಗಳು ಬದಲಾಗಲಿಲ್ಲ. ಇವತ್ತು ಬೆಳಗಿನ ಜಾವ ಬೀದಿ ಗುಡಿಸುವ ಹೆಂಗಸರಲ್ಲಿ ಹಲವರು ಅದೇ ಮನೆಗಳ ಸೊಸೆಯಂದಿರು, ಮೊಮ್ಮಕ್ಕಳು. ಕಸ ತಳ್ಳುತ್ತಾ ತಮ್ಮಲ್ಲೇ ಆಡುವ ಮಾತು ತೆಲುಗು, ಮನೆಯೊಡತಿಯ ಜೊತೆ ಕನ್ನಡ.

ಎರಡನೆಯದು ಮಿಲ್ಲಿನ ಗೇಟು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ 1884ರಲ್ಲಿ ಶುರುವಾಗಿ ಎರಡೇ ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿಯ ಕೈಸೇರಿತು. ಜನ ಆ ಉದ್ದ ಹೆಸರಿನಿಂದ ಯಾವತ್ತೂ ಕರೆಯಲಿಲ್ಲ, ಬಿನ್ನಿ ಮಿಲ್ ಎಂದರು. ಮಲ್ಲೇಶ್ವರದ ತುದಿಯಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಮೈಸೂರು ಸ್ಪಿನ್ನಿಂಗ್ ಮಿಲ್ ಎದ್ದಿತು, ಅದು ಜನರ ಬಾಯಲ್ಲಿ ರಾಜಾ ಮಿಲ್. ಮುಂದೆ ನಡುವೆ ಮಿನರ್ವಾ ಮಿಲ್. ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು, ಚಿತ್ತೂರು ಕಡೆಯ ತೆಲುಗರು ಗೇಟಿನ ಮುಂದೆ ನಿಂತರು. ಮೇಸ್ತ್ರಿಯ ಪರಿಚಯವಿದ್ದವನಿಗೆ ಒಳಗೆ ಜಾಗ, ಒಳಗೆ ಹೋದವನು ಭಾವಮೈದುನನನ್ನು ಕರೆಸಿಕೊಂಡ, ಭಾವಮೈದುನ ಊರಿನ ಅರ್ಧ ಕೇರಿಯನ್ನು ಕರೆಸಿದ. ಶ್ರೀರಾಂಪುರ, ಓಕಳಿಪುರ, ಗೋಪಾಲಪುರಗಳು ತುಂಬಿದ್ದು ಹೀಗೆ.

ಮಿಲ್ಲಿನ ದುಡಿಮೆ ಸುಖದ್ದೇನೂ ಆಗಿರಲಿಲ್ಲ. ಹತ್ತಿಯ ಧೂಳು, ಕಿವಿ ಕಿವುಡಾಗುವ ಸದ್ದು, ರಾತ್ರಿ ಪಾಳಿ. ಆದರೆ ತಿಂಗಳ ಸಂಬಳ, ಪಿ.ಎಫ್., ಬೋನಸ್, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಚೀಟಿ, ಎಲ್ಲಕ್ಕಿಂತ ಮಿಗಿಲಾಗಿ ಯೂನಿಯನ್. ಭಾಷ್ಯಂ ವೃತ್ತದಲ್ಲಿ ಹಾದುಹೋಗುವವರು ಗಮನಿಸಬೇಕು. ಕೆ.ಟಿ. ಭಾಷ್ಯಂ ಸ್ವಾತಂತ್ರ್ಯ ಹೋರಾಟಗಾರರಷ್ಟೇ ಅಲ್ಲ, ಈ ಮಿಲ್ಲು ಕಾರ್ಮಿಕರ ಮುಖಂಡರೂ ಆಗಿದ್ದರು. ಮೈಸೂರು ಸಂಸ್ಥಾನ 1942ರಲ್ಲಿ ಕಾರ್ಮಿಕ ಕಾಯ್ದೆ ತರಬೇಕಾಗಿ ಬಂದದ್ದರ ಹಿಂದೆ ಇಂಥ ಗೇಟುಗಳ ಮುಂದಿನ ಮುಷ್ಕರಗಳಿದ್ದವು. ಗಂಡು ಮಿಲ್ಲಿನಲ್ಲಿ ಪರ್ಮನೆಂಟ್ ಎಂದರೆ ಹೆಣ್ಣು ಕೊಡುವವರು ಹೆಚ್ಚು ವಿಚಾರಿಸುತ್ತಿರಲಿಲ್ಲ ಎಂಬ ಮಾತು ಈ ಕಡೆಯ ಹಿರಿಯರಲ್ಲಿ ಇನ್ನೂ ಇದೆ.

ಇಂಥದ್ದೇ ಕಥೆ ಭೂಮಿಯ ಇನ್ನೊಂದು ತುದಿಯಲ್ಲೂ ನಡೆದಿದೆ. ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಆಳು ಸಾಲದೆ ಸಮೋವಾ, ಟೊಂಗಾ, ಕುಕ್ ದ್ವೀಪ, ನಿಯುಯೆಗಳಿಂದ ಜನರನ್ನು ಬರಮಾಡಿಕೊಂಡರು. ಆಕ್ಲೆಂಡಿನ ಪಾನ್ಸನ್‌ಬಿಯ ಅಗ್ಗದ ಬಾಡಿಗೆ ಮನೆಗಳು ಅವರಿಂದ ತುಂಬಿದವು. 1970ರ ದಶಕದ ನಡುವೆ ಆರ್ಥಿಕತೆ ಮುಗ್ಗರಿಸಿದಾಗ ಪೊಲೀಸರು ನಸುಕಿನಲ್ಲಿ ಅವರ ಬಾಗಿಲು ಬಡಿದು ವೀಸಾ ಕೇಳಿದರು. ವೀಸಾ ಅವಧಿ ಮೀರಿದವರಲ್ಲಿ ಬ್ರಿಟನ್, ಅಮೆರಿಕದವರೂ ಇದ್ದರು. ಬಾಗಿಲು ಬಡಿಸಿಕೊಂಡವರು ಮಾತ್ರ ಹೆಚ್ಚಾಗಿ ದ್ವೀಪದವರು. 1980ರ ದಶಕದಲ್ಲಿ ಕಾರ್ಖಾನೆಗಳು ಮುಚ್ಚಿದಾಗ ಮೊದಲು ಕೆಲಸ ಕಳೆದುಕೊಂಡವರಲ್ಲೂ ಅವರೇ ಮುಂದೆ. ಪಾನ್ಸನ್‌ಬಿ ಇವತ್ತು ಆಕ್ಲೆಂಡಿನ ದುಬಾರಿ ಬಡಾವಣೆ, ದ್ವೀಪದ ಕುಟುಂಬಗಳು ದಕ್ಷಿಣದ ಒಟಾರಾ, ಮಂಗೆರೆಗೆ ಸರಿದು ಎಷ್ಟೋ ಕಾಲವಾಯಿತು. 2021ರ ಆಗಸ್ಟ್ 1ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಆ ನಸುಕಿನ ದಾಳಿಗಳಿಗಾಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.

ನಮ್ಮಲ್ಲಿ ವೀಸಾ ಕೇಳುವ ಪ್ರಶ್ನೆಯಿಲ್ಲ, ಇವರು ಇದೇ ದೇಶದ ಪ್ರಜೆಗಳು. ಆದರೂ 1991ರ ಡಿಸೆಂಬರ್ ಬಂತು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಮೇಲೆ ಬೆಂಗಳೂರಿನಲ್ಲಿ ತಮಿಳರ ಮೇಲೆ ದಾಳಿಗಳಾದವು, ಸಾವಿರಾರು ಜನ ಊರು ಬಿಟ್ಟರು. ನದಿ ನೀರಿನ ಲೆಕ್ಕಕ್ಕೂ ಗುಡಿಸಲಲ್ಲಿ ಮಲಗಿದ್ದ ಕೂಲಿಯವನಿಗೂ ಏನು ಸಂಬಂಧವೆಂದು ಆಗ ಕೇಳಿದವರು ಕಡಿಮೆ. ಈಗಲೂ ಆ ವಿಷಯ ತೆಗೆದರೆ ಜನ ಮಾತು ಬದಲಿಸುತ್ತಾರೆ. ಹೋದವರಲ್ಲಿ ಹಲವರು ಹಿಂತಿರುಗಿದರು, ಯಾಕೆಂದರೆ ಅವರಿಗೆ ಊರು ಎಂದು ಉಳಿದಿದ್ದದ್ದು ಇದೇ.

ಮಿಲ್ಲುಗಳು ಮಾತ್ರ ಹಿಂತಿರುಗಲಿಲ್ಲ. ಮಿನರ್ವಾ ಮಿಲ್ಲಿನ ಹೆಸರು ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಗೊತ್ತು. 1980ರ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂಬುದನ್ನು ಗಟ್ಟಿ ಮಾಡಿತು. ಮೂಲ ರಚನೆ ಉಳಿಯಿತು, ಮಿಲ್ಲು ಉಳಿಯಲಿಲ್ಲ. ಅದರ ಶೆಡ್ಡುಗಳಲ್ಲಿ ಸಿನಿಮಾ ಸೆಟ್ಟು ಹಾಕಿದ್ದನ್ನು ಜನ ನೋಡಿದ್ದಾರೆ. ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ನಾಲ್ಕು ವರ್ಷದ ಮೇಲೆ ಬಂದ ಮೆಟ್ರೊ ನಿಲ್ದಾಣವೂ ಮಾಲಿನ ಹೆಸರನ್ನೇ ಹೊತ್ತಿತು. ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಬಹುಮಹಡಿ ಫ್ಲ್ಯಾಟುಗಳು. ಅವುಗಳ ನೆರಳು ಬೀಳುವುದು ಹಿಂದೆ ಅದೇ ಮಿಲ್ಲಿಗೆ ದುಡಿದವರ ತಗಡಿನ ಮಾಡುಗಳ ಮೇಲೆ.

ಹಾಗಾದರೆ ಈ ಪಟ್ಟಿ ಈಗ ಹೇಗೆ ಬದುಕುತ್ತಿದೆ? ಮುಖ್ಯವಾಗಿ ಹೆಂಗಸರ ದುಡಿಮೆಯಲ್ಲಿ. ಗಂಡಸರ ಕಾಯಂ ನೌಕರಿ ಹೋದ ಜಾಗಕ್ಕೆ ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್ ಬಂತು. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಮಿಲ್ಲಿನ ಯೂನಿಯನ್ನಿನ ಬಲ ಅಲ್ಲಿಲ್ಲ. ಆದರೂ 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯುವುದಕ್ಕೆ ಕೇಂದ್ರ ಹಾಕಿದ್ದ ಹೊಸ ನಿರ್ಬಂಧದ ವಿರುದ್ಧ, ಯಾವ ದೊಡ್ಡ ನಾಯಕನೂ ಕರೆ ಕೊಡದೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆದೇಶ ಹಿಂದಕ್ಕೆ ತೆಗೆದುಕೊಂಡಿತು.

ಕಾರ್ಖಾನೆಗೆ ಹೋಗಲಾಗದವರಿಗೆ ಅಗರಬತ್ತಿ. ಚಾಮರಾಜಪೇಟೆಯ ಪಡುವಣದ ಗಲ್ಲಿಗಳಲ್ಲಿ ಮಧ್ಯಾಹ್ನ ಹಾದುಹೋದರೆ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕೂತವರು ಇನ್ನೂ ಸಿಗುತ್ತಾರೆ. ಇದ್ದಿಲ ಪುಡಿ, ಜಿಗಟು ಕಲಸಿದ ಕಪ್ಪು ಹಿಟ್ಟಿನಿಂದ ಒಂದು ಚಿಟಿಕೆ ಕಿತ್ತು, ಬಿದಿರ ಕಡ್ಡಿಗೆ ತಾಗಿಸಿ, ಅಂಗೈಯಿಂದ ಮಣೆಯ ಮೇಲೆ ಒಮ್ಮೆ ಮುಂದಕ್ಕೆ ಉರುಳಿಸಿದರೆ ಒಂದು ಬತ್ತಿ. ನೋಡಿದವರಿಗೆ ಸುಲಭ ಅನ್ನಿಸುತ್ತದೆ. ನಾವು ಮಾಡಹೊರಟರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬರೀ ಕಡ್ಡಿ. ಕೂಲಿ ಸಾವಿರ ಬತ್ತಿಗೆ ಇಷ್ಟು ಎಂದು. ಸಾವಿರ ಮುಗಿಸುವುದರೊಳಗೆ ಸೊಂಟ ಹಿಡಿಯುತ್ತದೆ, ಅಂಗೈಯ ಕಪ್ಪು ಸೋಪಿಗೂ ಬಿಡುವುದಿಲ್ಲ. ಯಂತ್ರ ಬಂದ ಮೇಲೆ ಈ ಕೆಲಸವೂ ತೆಳುವಾಗುತ್ತಿದೆ. ಇಲ್ಲಿ ಹೊಸೆದ ಬತ್ತಿಗೆ ಸುಗಂಧ ಅದ್ದುವುದು, ಪೊಟ್ಟಣ ಕಟ್ಟುವುದು ಬೇರೆ ಕಡೆ. ಉರಿಯುವುದು ದಿಬ್ಬದ ಮೇಲಿನ ದೇವರ ಮನೆಗಳಲ್ಲಿ.

ಇಲ್ಲಿಯ ದುಡ್ಡಿನ ವ್ಯವಹಾರ ತಿಳಿಯಬೇಕಾದರೆ ಭೋಗ್ಯ ಎಂದರೇನು ಎಂದು ಗೊತ್ತಿರಬೇಕು. ಮನೆ ಮಾಲೀಕನಿಗೆ ಕೆಲವು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ಹಣ ಹಿಂದಕ್ಕೆ ಪಡೆಯುವುದು. ತಿಂಗಳ ಆದಾಯ ನಂಬುವಂತಿಲ್ಲದ ಮನೆಗಳಿಗೆ ಇದು ವರ. ಚೀಟಿ ಎತ್ತಿ, ಸಂಘದ ಸಾಲ ತೆಗೆದು, ಒಡವೆ ಅಡವಿಟ್ಟು ಆ ಮೊತ್ತ ಕೂಡಿಸುತ್ತಾರೆ. ತೊಂದರೆ ಬಿಡುವಾಗ. ಮುಂದಿನ ಭೋಗ್ಯದವರು ಸಿಗುವ ತನಕ ಹಣ ಕೊಡುವುದಿಲ್ಲ ಎನ್ನುವ ಮಾಲೀಕರಿದ್ದಾರೆ, ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ಕೈಯೆತ್ತಿದವರೂ ಇದ್ದಾರೆ. ಕರಾರು ಪತ್ರ ಇರುವುದು ನೋಂದಣಿಯಾಗದ ಛಾಪಾ ಕಾಗದದಲ್ಲಿ. ಒಂದು ಕುಟುಂಬದ ಇಡೀ ಜೀವಮಾನದ ಉಳಿತಾಯ ಹೀಗೆ ಒಂದು ಹಾಳೆಯನ್ನು ನಂಬಿಕೊಂಡಿರುತ್ತದೆ. ಈ ವಿಷಯದಲ್ಲಿ ಸರ್ಕಾರ ಕಣ್ಣುಮುಚ್ಚಿ ಕೂತಿರುವುದು ನನಗೆ ಅರ್ಥವಾಗದ ಸಂಗತಿ. ಬಡವರ ಭೋಗ್ಯ ಪತ್ರಗಳನ್ನು ಅತಿ ಕಡಿಮೆ ಶುಲ್ಕಕ್ಕೆ ನೋಂದಾಯಿಸಿಕೊಂಡರೆ ಬೊಕ್ಕಸ ಬರಿದಾಗುವುದಿಲ್ಲ.

ಸ್ವಂತ ಸೂರು ಇದ್ದವರದು ಹಕ್ಕುಪತ್ರದ ಪಾಡು. ಕರ್ನಾಟಕ ಕೊಳಗೇರಿ ಕಾಯ್ದೆ ಬಂದದ್ದು 1973ರಲ್ಲಿ. ಕೊಳಗೇರಿ ಮಂಡಳಿಯ ಕಚೇರಿ ಇರುವುದೂ ದೂರವೇನಲ್ಲ, ಇಲ್ಲೇ ಶೇಷಾದ್ರಿಪುರದ ರಿಸಾಲ್ದಾರ್ ರಸ್ತೆಯಲ್ಲಿ. ಕೊಳಗೇರಿ ಎಂದು ಘೋಷಣೆಯಾದರೆ ನಲ್ಲಿ, ದೀಪ, ಪಕ್ಕಾ ಮನೆಯ ಮಾತು ಬರುತ್ತದೆ. ಘೋಷಣೆಯಾಗದ ಜಾಗದಲ್ಲಿದ್ದರೆ ತಲೆಮಾರು ಕಳೆದರೂ ಒತ್ತುವರಿದಾರ. ರೈಲ್ವೆಯ ನೆಲ, ರಾಜಕಾಲುವೆಯ ದಂಡೆ, ಮುಚ್ಚಿದ ಮಿಲ್ಲಿನ ಅಂಚು, ಹೀಗೆ ನೆಲ ಯಾರದು ಎಂಬುದರ ಮೇಲೆ ಬದುಕು.

ಮಕ್ಕಳು ಓದುತ್ತಿದ್ದಾರೆ. ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ ಆಡುವ ಹುಡುಗರು ಶಾಲೆಯಲ್ಲಿ ಕನ್ನಡ ಬರೆಯುತ್ತಾರೆ, ರಾಜ್ಯೋತ್ಸವಕ್ಕೆ ಆಟೊ ನಿಲ್ದಾಣದಲ್ಲಿ ಬಾವುಟ ಏರಿಸುವವರಲ್ಲಿ ಇವರೇ ಮುಂದು. ಪಿಯುಸಿ ಮುಗಿದ ಮೇಲೆ ಡೆಲಿವರಿ ಬೈಕು, ಅಂಗಡಿ, ಕಾಲ್ ಸೆಂಟರು. ಅಜ್ಜ ಪಾಳಿಗೆ ಹೋಗುತ್ತಿದ್ದ ರಾಜಾ ಮಿಲ್ಲಿನ ಜಾಗದ ಮಾಲಿನಲ್ಲೇ ಮೊಮ್ಮಗ ಬಿಲ್ಲು ಹಾಕುವುದೂ ಇಲ್ಲಿ ಅಚ್ಚರಿಯ ಸಂಗತಿಯಲ್ಲ. ಅಜ್ಜನಿಗಿದ್ದ ಬೋನಸ್ಸು, ಯೂನಿಯನ್ನು, ಕಾಯಂ ಚೀಟಿ ಮೊಮ್ಮಗನಿಗಿಲ್ಲ. ಅಂಗಿಯ ಇಸ್ತ್ರಿ ಮಾತ್ರ ಅಜ್ಜನದಕ್ಕಿಂತ ಚೆನ್ನಾಗಿದೆ.

ಒಂದು ಕಡೆ ಮಾತ್ರ ಚಕ್ರ ಹಿಂದಕ್ಕೆ ತಿರುಗಿದೆ. ಗುತ್ತಿಗೆ ಬಿಡಿ, ಕಾಯಂ ಮಾಡಿ ಎಂದು ವರ್ಷಗಟ್ಟಲೆ ಬೀದಿಗಿಳಿದ ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ನಾಲ್ಕು ದಿನಕ್ಕೇ ಸರ್ಕಾರ ಮಾತುಕೊಟ್ಟಿತು. ಕೊಟ್ಟ ಮಾತು ಕಾಗದದ ಮೇಲೆ ಬರಲು ಸುಮಾರು ಮೂರು ವರ್ಷ ಹಿಡಿಯಿತು. 2025ರ ಮೇ 1ರಂದು, ಕಾರ್ಮಿಕರ ದಿನ, ಬೆಂಗಳೂರಿನ 12,692 ಪೌರಕಾರ್ಮಿಕರ ಕೈಗೆ ಕಾಯಂ ನೇಮಕದ ಆದೇಶ ಬಂತು. ಬೆಳಿಗ್ಗೆ ಮನೆ ಬಾಗಿಲಿಗೇ ಬಂದು ಕಸ ಒಯ್ಯುವ ಆಟೊ ಟಿಪ್ಪರುಗಳ ಚಾಲಕರು, ಸಹಾಯಕರು ಆ ಪಟ್ಟಿಯಲ್ಲಿರಲಿಲ್ಲ.